ಆಂಬುಲೆನ್ಸಿನಲ್ಲಿ ಅವಳ ಪಕ್ಕ ಯಾರು ಕೂರಬೇಕು?



ಸುಟ್ಟಗಾಯವಾದ ಹೆಣ್ಣುಮಗಳನ್ನು ಆಂಬುಲೆನ್ಸಿಗೆ ಹತ್ತಿಸುವಾಗ ಅವಳ ಜೊತೆ ಯಾರು ಹೋಗಬೇಕು ಎಂದು ಊರಿನಲ್ಲಿ ಯಾರೂ ಯೋಚಿಸುವುದಿಲ್ಲ. ಗಂಡ ಹತ್ತುತ್ತಾನೆ, ಇಲ್ಲವೇ ಅತ್ತೆ ಹತ್ತುತ್ತಾಳೆ. ಮನೆಯವರು ತಾನೇ, ಅವರೇ ಹೋಗಲಿ ಎಂದು ನೆರೆದವರೂ ಸುಮ್ಮನಾಗುತ್ತಾರೆ. ಬಡವನಹಳ್ಳಿ ಸುತ್ತಮುತ್ತಲಿನ ಹಳ್ಳಿಗಳಲ್ಲಿ ತುರ್ತು ವಾಹನದ ನರ್ಸಾಗಿ ದುಡಿದ ಅನುಭವದ ಮೇಲೆ ಹೇಳುತ್ತೇನೆ, ಆ ಸೀಟಿನಲ್ಲಿ ಯಾರು ಕೂರುತ್ತಾರೆ ಎನ್ನುವುದು ಸಣ್ಣ ವಿಷಯವಲ್ಲ.

2008ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ 108 ಶುರುವಾಗುವ ಮುಂಚೆ ಇಂಥವರನ್ನು ಟೆಂಪೋದಲ್ಲೋ ಟ್ರಾಕ್ಟರಿನಲ್ಲೋ ಹಾಕಿಕೊಂಡು ಹೋಗುತ್ತಿದ್ದರು. ಈಗ ಗಾಡಿ ಬರುತ್ತದೆ, ಆಮ್ಲಜನಕ ಇದೆ, ಡ್ರಿಪ್ ಇದೆ. ಆದರೆ ದಾರಿ ಅದೇ. ಶಿರಾ–ಮಧುಗಿರಿ ರಸ್ತೆಯ ಮೇಲಿರುವ ನಮ್ಮೂರಿನಿಂದ ಮಧುಗಿರಿ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಕೊರಟಗೆರೆ ಮೇಲೆ ತುಮಕೂರು, ಗಾಯ ಜಾಸ್ತಿಯಾಗಿದ್ದರೆ ಬೆಂಗಳೂರಿನ ವಿಕ್ಟೋರಿಯಾ. ಇಷ್ಟು ದೂರದಲ್ಲಿ ಮೊದಲ ಹೊತ್ತು ಅವಳಿಗೆ ಪ್ರಜ್ಞೆ ಇರುತ್ತದೆ, ಮಾತೂ ಇರುತ್ತದೆ. ಮೈಯೆಲ್ಲ ಬೆಂದವಳು ಮಾತಾಡುತ್ತಾಳೆಯೇ ಎಂದು ಕೆಲವರು ಕೇಳುತ್ತಾರೆ. ಮಾತಾಡುತ್ತಾಳೆ. ಆಳವಾಗಿ ಬೆಂದ ಕಡೆ ಚರ್ಮದೊಳಗಿನ ನರವೂ ಬೆಂದಿರುವುದರಿಂದ ಅಲ್ಲಿ ನೋವೇ ಗೊತ್ತಾಗದೆ ಇರಬಹುದು. ಬಿಸಿ ಹೊಗೆ ಒಳಗೆ ಹೋಗಿದ್ದರೆ ಆಮೇಲೆ ಗಂಟಲು ಊದಿಕೊಂಡು ದನಿ ಒಡೆಯುತ್ತದೆ. ಉಸಿರಾಟಕ್ಕೆ ನಳಿಕೆ ಹಾಕಿದ ಮೇಲೆ ಮಾತು ನಿಂತೇ ಹೋಗುತ್ತದೆ.

ಆ ಹೊತ್ತಿನಲ್ಲಿ ಅವಳ ಕಿವಿಯ ಹತ್ತಿರ ಯಾರ ಬಾಯಿ ಇರುತ್ತದೆ? ನಾನು ಡ್ರಿಪ್ಪಿಗೆ ನರ ಹುಡುಕುತ್ತಿರುವಾಗಲೇ ಈ ಮಾತುಗಳು ಕಿವಿಗೆ ಬಿದ್ದಿವೆ: "ಮಗೀನ ಮುಖ ನೋಡವ್ವ, ಗ್ಯಾಸ್ ಲೀಕಾಗಿತ್ತು ಅಂತ ಹೇಳು." "ನಿಮ್ಮಪ್ಪಂಗೆ ಇನ್ನೂ ಇಬ್ರು ಹೆಣ್ಮಕ್ಳವ್ರೆ, ಅವ್ರನ್ನ ಯಾರು ಮಾಡ್ಕೊಂತಾರೆ?" ಹೊಡೆತವಿಲ್ಲ, ಬೈಗುಳವಿಲ್ಲ, ತಲೆ ಸವರುತ್ತಲೇ ಹೇಳುವ ಮಾತು. ಆಸ್ಪತ್ರೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಅವಳು ಏನು ಹೇಳಬೇಕೆನ್ನುವುದು ತೀರ್ಮಾನವಾಗಿರುತ್ತದೆ.

ಇದರ ಫಲ ಏನೆಂದು ತಿಳಿದುಕೊಳ್ಳಿ. ಸಾಯುವ ಮುಂಚೆ ತನಗೆ ಏನಾಯಿತೆಂದು ಹೇಳಿದ ಮಾತನ್ನು ಕಾನೂನು ಸಾಕ್ಷಿಯಾಗಿ ಒಪ್ಪುತ್ತದೆ. ಮ್ಯಾಜಿಸ್ಟ್ರೇಟರು ಬರೆದುಕೊಂಡರೆ ಹೆಚ್ಚು ಬಲ, ನಿಜ. ಆದರೆ ಅವರ ಮುಂದೆಯೇ ಹೇಳಬೇಕೆಂಬ ಕಡ್ಡಾಯವಿಲ್ಲ. ವೈದ್ಯರಿಗೆ, ನರ್ಸಿಗೆ, ಪಕ್ಕದ ಮನೆಯವಳಿಗೆ ಹೇಳಿದರೂ ಅದು ಹೇಳಿಕೆಯೇ. ತೊಂದರೆ ಬರುವುದು ಮೊದಲು ಒಂದು, ಆಮೇಲೆ ಇನ್ನೊಂದು ಹೇಳಿದಾಗ. ಮೊದಲು "ಗ್ಯಾಸ್" ಎಂದು ಬರೆಸಿ, ಎರಡು ದಿನ ಬಿಟ್ಟು ತಾಯಿ ಬಂದ ಮೇಲೆ ನಿಜ ಹೇಳಿದರೆ, ತವರಿನವರು ಹೇಳಿಕೊಟ್ಟರು ಎಂದು ಎದುರು ವಕೀಲರು ವಾದಿಸುತ್ತಾರೆ. ಮದುವೆಯಾಗಿ ಏಳು ವರ್ಷದೊಳಗಿನ ಅನುಮಾನದ ಸಾವಿಗೆ ವರದಕ್ಷಿಣೆ ಕಿರುಕುಳದ ಹಿನ್ನೆಲೆ ಇದ್ದರೆ ಕಠಿಣ ಶಿಕ್ಷೆ ಇದೆ. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂ. ಹಿಂದೆ 304ಬಿ ಅಂತಿದ್ದುದು ಇದೇ. ಆದರೆ ಆ ಕಿರುಕುಳವನ್ನು ಹೇಳಬೇಕಾದವಳೇ ಮೊದಲ ಸಲ ಇಲ್ಲವೆಂದಿದ್ದರೆ ಕಲಂ ಎಷ್ಟು ಗಟ್ಟಿಯಾಗಿದ್ದರೇನು?

ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು 1990ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಹಾಸಿಗೆಯ ಪಕ್ಕ ಕೂತು ಕೇಳಿದ್ದರಿಂದಲೇ "ಸ್ಟೌ ಸಿಡಿತ", "ಅಡುಗೆಮನೆ ಆಕಸ್ಮಿಕ" ಎಂದು ಮುಚ್ಚಿಹೋಗುತ್ತಿದ್ದ ಸಾವುಗಳ ಹಿಂದಿನ ಕತೆ ಹೊರಗೆ ಬಂತು. ಅವರು ವಾರ್ಡಿನವರೆಗೆ ಬಂದರು. ಹಳ್ಳಿಯಲ್ಲಿರುವ ನಾವು ಇನ್ನೂ ಹಿಂದಕ್ಕೆ, ಮನೆಬಾಗಿಲಿಗೇ ಹೋಗಬಹುದು.

ನನ್ನ ಜೊತೆ ಕೆಲಸ ಮಾಡುವವರಲ್ಲೇ ಇದಕ್ಕೆ ಒಪ್ಪದವರಿದ್ದಾರೆ. ನಮ್ಮ ಕೆಲಸ ಉಸಿರು, ನಾಡಿ, ರಕ್ತದೊತ್ತಡ, ಉಳಿದದ್ದು ಪೊಲೀಸರಿಗೆ ಬಿಡಿ ಅನ್ನುತ್ತಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ಕೋರ್ಟಿಗೆ ಅಲೆಯುವುದು ಯಾರಿಗೆ ಬೇಕು? ಆದರೂ ಹೇಗಾಯಿತು ಎಂದು ಕೇಳದೆ ಚಿಕಿತ್ಸೆ ಮಾಡುವುದಾದರೂ ಹೇಗೆ? ಬೆಂಕಿಯೋ, ಕುದಿಯುವ ನೀರೋ, ಆಸಿಡ್ಡೋ ಗೊತ್ತಾಗಬೇಕು. ಮುಚ್ಚಿದ ಕೋಣೆಯಲ್ಲಾಗಿದ್ದರೆ ಶ್ವಾಸಕೋಶದ ಚಿಂತೆ ಬೇರೆ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದಿಡುವುದು ಚಿಕಿತ್ಸೆಯ ಭಾಗ ಎಂದೇ ನಾನು ಭಾವಿಸಿದ್ದೇನೆ.

ಇನ್ನು ಆರೋಗ್ಯ ಶಿಕ್ಷಣದ ವಿಷಯ. ನೈಲಾನ್ ಸೀರೆ ಉಟ್ಟು ಒಲೆ ಹತ್ತಿರ ಹೋಗಬೇಡಿ, ಸೆರಗು ಸಿಕ್ಕಿಸಿಕೊಳ್ಳಿ, ರೆಗ್ಯುಲೇಟರ್ ಬಂದ್ ಮಾಡಿ ಎಂದು ಹೆಂಗಸರಿಗೆ ಪಾಠ ಹೇಳುತ್ತಾರೆ. ತಪ್ಪಲ್ಲ. ಆದರೆ ಎಲ್ಲ ಪಾಠವೂ ಅವಳಿಗೇ. ಸುಟ್ಟರೆ ತಪ್ಪು ಸೀರೆಯದು! ಬೆಂಕಿ ಬಿದ್ದಾಗ ಏನು ಮಾಡಬೇಕೆನ್ನುವುದು ಮಾತ್ರ ಮನೆಮಂದಿಗೆ ಗೊತ್ತಿಲ್ಲ. ಬೆಂದ ಮೈಗೆ ದೋಸೆ ಹಿಟ್ಟು, ಟೂತ್‌ಪೇಸ್ಟು, ಇಂಕು, ಅರಿಶಿನ ಮೆತ್ತಿದ್ದನ್ನು ಕಂಡಿದ್ದೇನೆ. ಅವನ್ನೆಲ್ಲ ತೆಗೆಯದೆ ಗಾಯದ ಆಳ ಕಾಣುವುದಿಲ್ಲ, ತೆಗೆಯುವಾಗ ಚರ್ಮವೂ ಕಿತ್ತು ಬರುತ್ತದೆ, ನಂಜೂ ಏರುತ್ತದೆ.

ಬೇಕಾದ್ದು ನೀರು. ಕಂಬಳಿ ಹೊದಿಸಿ, ನೆಲದ ಮೇಲೆ ಉರುಳಿಸಿ ಬೆಂಕಿ ಆರಿಸಿದ ತಕ್ಷಣ ತಣ್ಣೀರನ್ನು ಇಪ್ಪತ್ತು ನಿಮಿಷ ಹರಿಸಬೇಕು. ನಲ್ಲಿ ಇಲ್ಲದಿದ್ದರೆ ಕೊಡದಿಂದ ಚೊಂಬಿನಲ್ಲಿ ಮೊಗೆದು ಸುರಿಯುತ್ತಲೇ ಇರಬೇಕು. ಐಸು ಬೇಡ. ಮೈಯೆಲ್ಲ ಸುಟ್ಟಿದ್ದರೆ ಅವಳು ಚಳಿಗೆ ನಡುಗದ ಹಾಗೆ ನೋಡಿಕೊಂಡು, ಸುಡದ ಭಾಗವನ್ನು ಬೆಚ್ಚಗೆ ಮುಚ್ಚಿ. ಬಳೆ, ಉಂಗುರ, ಕಾಲುಂಗುರ, ಕೊರಳಲ್ಲಿರುವುದು ಎಲ್ಲವನ್ನೂ ಬಾವು ಬರುವ ಮುಂಚೆ ತೆಗೆಯಿರಿ. ತಾಳಿ ತೆಗೆಯಲು ಹಿಂದೆಮುಂದೆ ನೋಡುವವರಿದ್ದಾರೆ. ಊದಿದ ಕೊರಳಿಗೆ ಅದು ಹುರಿ ಆಗುತ್ತದೆ. ಮೈಗೆ ಅಂಟಿದ ಬಟ್ಟೆ ಕೀಳಬೇಡಿ, ಬೊಬ್ಬೆ ಒಡೆಯಬೇಡಿ. ಒಗೆದ ಹತ್ತಿ ಬಟ್ಟೆ ಸಡಿಲವಾಗಿ ಹೊದಿಸಿ 108ಕ್ಕೆ ಕಾದರೆ ಸಾಕು.

ವಿಷ ಕುಡಿದವರ ಕತೆ ಬೇರೆ. ಶೇಂಗಾಕ್ಕೆ, ತೊಗರಿಗೆ ಹೊಡೆಯುವ ಔಷಧಿ ಎಲ್ಲರ ಮನೆಯ ಜಂತಿಯಲ್ಲೂ ಇದೆ. ಕುಡಿದವಳಿಗೆ ಉಪ್ಪುನೀರು, ಸೋಪುನೀರು, ಸಗಣಿನೀರು ಕುಡಿಸಿ ವಾಂತಿ ಮಾಡಿಸುತ್ತಾರೆ. ದಯವಿಟ್ಟು ಬೇಡ, ಅದು ಶ್ವಾಸಕೋಶಕ್ಕೆ ಹೋದರೆ ಎರಡು ಕಂಟಕ. ಬಟ್ಟೆ ಬದಲಿಸಿ, ಮೈ ತೊಳೆದು, ಮಗ್ಗುಲಿಗೆ ಮಲಗಿಸಿ, ಔಷಧಿಯ ಬಾಟಲಿಯನ್ನು ತಪ್ಪದೆ ಗಾಡಿಗೆ ಕೊಡಿ. ತಲೆಗೂದಲಿಗೆ ಹಚ್ಚುವ ಕಪ್ಪು ಬಣ್ಣ ಕುಡಿದವರಿಗೆ ಮುಖ, ಗಂಟಲು ಊದಿ ಉಸಿರು ಕಟ್ಟುತ್ತದೆ. ಅಂಥವರನ್ನು ಒಂದು ನಿಮಿಷವೂ ಕಾಯಿಸಬಾರದು.

ಬಾಟಲಿ ಬಚ್ಚಿಡುವುದಕ್ಕೆ ಮನೆಯವರು ಕೊಡುವ ಕಾರಣ ಒಂದೇ: "ಕೇಸಾಗ್ತದೆ ಕಣಮ್ಮ." ಇದನ್ನು ಸಂಘದ ಸಭೆಯಲ್ಲಿ ಬಿಡಿಸಿ ಹೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಪ್ರಾಣ ಕಳೆದುಕೊಳ್ಳಲು ಹೋದವಳು ತೀವ್ರ ಒತ್ತಡದಲ್ಲಿದ್ದಳೆಂದೇ ಭಾವಿಸಬೇಕು, ಅವಳಿಗೆ ಆರೈಕೆ ಕೊಡಬೇಕಾದದ್ದು ಸರ್ಕಾರದ ಹೊಣೆ. ಪೊಲೀಸರು ಬರಲಿ, ಆಮೇಲೆ ನೋಡುತ್ತೇವೆ ಎಂದು ಯಾವ ಆಸ್ಪತ್ರೆಯೂ ತುರ್ತು ಚಿಕಿತ್ಸೆ ನಿಲ್ಲಿಸುವಂತಿಲ್ಲ. ಸುಪ್ರೀಂ ಕೋರ್ಟ್ ಇದನ್ನು 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೊಡೆತ ತಿಂದ ಹೆಂಗಸು ಕೇಳಿದರೆ ಚಿಕಿತ್ಸೆ ಕೊಡುವುದು ಆಸ್ಪತ್ರೆಯ ಕರ್ತವ್ಯ. ಹಾಗಿದ್ದ ಮೇಲೆ ಕೇಸಿನ ಭಯ ಯಾರಿಗೆ? ಕೇಸು ಆಗಬೇಕಾದವರಿಗೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಪ್ರತಿ ಬೀದಿಗೆ ಇಬ್ಬರಂತೆ, ರಾತ್ರಿ ಕರೆದರೂ ಎದ್ದು ಬರುವ ಗಟ್ಟಿ ಹೆಂಗಸರ ಹೆಸರನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ. ಗಾಡಿ ಬಂದಾಗ ಅವರಲ್ಲೊಬ್ಬರು ಹತ್ತಲಿ. "ನೀನ್ಯಾವಳೇ ಬರಕೆ?" ಎಂದು ಗಂಡನ ಕಡೆಯವರು ಕೇಳೇ ಕೇಳುತ್ತಾರೆ. ಜಗಳಕ್ಕೆ ನಿಲ್ಲಬೇಡಿ, ಅವಳನ್ನೇ ಕೇಳಿ: "ನಾನು ಬರಲೇನವ್ವ?" ಅವಳು ಹೂಂ ಅಂದರೆ ಮುಗಿಯಿತು. ಗಾಡಿಯಲ್ಲಿ ಅವಳನ್ನು ಏನೂ ಹೇಳಿ ಎಂದು ಒತ್ತಾಯಿಸಬೇಡಿ, ಏನೂ ಹೇಳಿಕೊಡಬೇಡಿ. ಹೇಳಿಕೊಟ್ಟದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತಿರಿ. ಅತ್ತೆಯ ಬದಲು ನೀವಿದ್ದೀರಿ ಎನ್ನುವುದೇ ಅವಳಿಗೆ ಸಾಕಷ್ಟು. ಆಸ್ಪತ್ರೆಗೆ ಹೋದ ಕೂಡಲೇ ತವರಿಗೆ ಫೋನ್ ಮಾಡಿಸಿ. ವೈದ್ಯರು ಮಾತಾಡಿಸುವಾಗ ಮನೆಯವರನ್ನು ಹೊರಗೆ ಕಳಿಸಲು ಕೇಳಿ. ಮಹಿಳಾ ಸಹಾಯವಾಣಿ 181, ಪೊಲೀಸರಿಗೆ 112.

ಇದಕ್ಕೆ ಖರ್ಚಿದೆ. ನಾವು ರೋಗಿಯನ್ನು ಬಿಟ್ಟು ಬೇರೆ ಕರೆಗೆ ಹೊರಟುಬಿಡುತ್ತೇವೆ, ಜೊತೆಗೆ ಬಂದವಳು ತುಮಕೂರಿನಲ್ಲಿ ಅರ್ಧರಾತ್ರಿ ನಿಂತಿರುತ್ತಾಳೆ. ಅವಳ ಊಟ, ವಾಪಸು ಬರುವ ಬಸ್ ಚಾರ್ಜು, ಮಾರನೆಯ ದಿನ ತಪ್ಪುವ ಕೂಲಿ ಅವಳ ತಲೆಯ ಮೇಲೆ ಬಿದ್ದರೆ ಎರಡನೇ ಸಲ ಅವಳು ಬರುವುದಿಲ್ಲ. ವಾರದ ಉಳಿತಾಯದಲ್ಲಿ ತಲೆಗೆ ಎರಡು ರೂಪಾಯಿ ಬೇರೆ ಡಬ್ಬಿಗೆ ಹಾಕಿಡಿ. ಡಬ್ಬಿಯ ಬೀಗದಕೈ ಆ ಇಬ್ಬರ ಹತ್ತಿರವೇ ಇರಲಿ, ಏಕೆಂದರೆ ರಾತ್ರಿ ಎರಡು ಗಂಟೆಯಲ್ಲಿ ಅಧ್ಯಕ್ಷೆಯ ಸಹಿ ಹುಡುಕಿಕೊಂಡು ಹೋಗಲಾಗುವುದಿಲ್ಲ.