ಒಂದು ಉಸಿರಿನಷ್ಟು ಕ್ಸೆನಾನ್

ಕಳೆದ ವರ್ಷ ನನ್ನ ತಂದೆಯವರ ಶ್ವಾಸಕೋಶ ತಪಾಸಣೆಯ ಮೂರು ವರದಿಗಳಲ್ಲಿಯೂ ‘ಸ್ಟೇಬಲ್’ ಎಂದೇ ಬರೆದಿತ್ತು. ಅದೇ ವರ್ಷ, ದೆಹಲಿಯ ನಮ್ಮ ಸರ್ಕಾರಿ ವಸತಿಗೃಹದ ಎರಡನೆಯ ಮಹಡಿಗೆ ಒಮ್ಮೆ ಮಾತ್ರ ನಿಂತು ಹತ್ತಿ ಬರುತ್ತಿದ್ದವರು ಪ್ರತಿ ತಿರುವಿನಲ್ಲಿಯೂ ಗೋಡೆ ಹಿಡಿದು ನಿಲ್ಲತೊಡಗಿದರು. ನಿವೃತ್ತ ಇಂಗ್ಲಿಷ್ ಮೇಷ್ಟ್ರು ಅವರು. “ಲಾಯದಲ್ಲಿ ಕಟ್ಟಿದ ಕುದುರೇನೂ ಸ್ಟೇಬಲ್‌ನಲ್ಲೇ ಇರುತ್ತೆ ಕಣೋ” ಎಂದು ನಕ್ಕರು. ನಗು ಕೆಮ್ಮಾಗಿ ಮುಗಿಯಿತು.

ವರದಿ ಸುಳ್ಳಾಡಿರಲಿಲ್ಲ, ಅದು ಅಳೆದದ್ದೇ ಬೇರೆ. ಶ್ವಾಸಕೋಶ ನಾರುಗಟ್ಟುವ ಈ ಕಾಯಿಲೆಯಲ್ಲಿ ಗಾಳಿಗೂಡುಗಳ ತೆಳುಪೊರೆ ಗಾಯದ ಕಲೆಯಂತೆ ದಪ್ಪವಾಗಿ, ಆಮ್ಲಜನಕ ರಕ್ತವನ್ನು ಸೇರುವ ದಾರಿ ದುರ್ಗಮವಾಗುತ್ತದೆ. ನಾವು ಅಳೆಯುವುದಾದರೋ ಕೊಳವೆಯಲ್ಲಿ ಊದಿದಾಗ ಎಷ್ಟು ಗಾಳಿ ಹೊರಬಂತೆಂಬುದನ್ನು, ಇಲ್ಲವೇ ಒಳಗೆಳೆದ ಅತ್ಯಲ್ಪ ಕಾರ್ಬನ್ ಮಾನಾಕ್ಸೈಡಿನಲ್ಲಿ ಎಷ್ಟು ಹೀರಲ್ಪಟ್ಟಿತೆಂಬುದನ್ನು. ಎರಡೂ ಇಡೀ ಶ್ವಾಸಕೋಶಕ್ಕೆ ಒಂದೊಂದೇ ಅಂಕಿಯನ್ನು ಕೊಡುತ್ತವೆ. ಸಿ.ಟಿ. ಚಿತ್ರ ಕಲೆಯನ್ನು ತೋರಿಸುತ್ತದೆ, ಕೆಲಸವನ್ನಲ್ಲ; ಕ್ಷ-ಕಿರಣದ ಕಾರಣದಿಂದ ಪದೇ ಪದೇ ಮಾಡಿಸುವಂತೆಯೂ ಇಲ್ಲ.

ಕ್ಸೆನಾನ್ ಅನಿಲವನ್ನು ಉಸಿರಾಡಿಸಿ ತೆಗೆಯುವ ಎಂ.ಆರ್.ಐ. ನನ್ನ ಕುತೂಹಲ ಕೆರಳಿಸಿದ್ದು ಈ ಹಿನ್ನೆಲೆಯಲ್ಲಿ. ಸಾಮಾನ್ಯ ಎಂ.ಆರ್.ಐ. ಮುಖ್ಯವಾಗಿ ದೇಹದ ನೀರಿನ ಜಲಜನಕವನ್ನು ಕಾಣುತ್ತದೆ. ಬಹುಪಾಲು ಗಾಳಿಯೇ ಆದ ಶ್ವಾಸಕೋಶ ಅದಕ್ಕೆ ಕತ್ತಲ ಕೋಣೆ. ಕ್ಸೆನಾನ್-129 ಅನ್ನು ಲೇಸರ್ ಹಾಗೂ ರುಬಿಡಿಯಂ ಆವಿಯ ನೆರವಿನಿಂದ ಅಣಿಗೊಳಿಸಿದರೆ ಅದರ ಕಾಂತೀಯ ಸಂಕೇತ ಹತ್ತಾರು ಸಾವಿರ ಪಟ್ಟು ಬಲಗೊಳ್ಳುತ್ತದೆ. ರೋಗಿ ಅದನ್ನು ಚೀಲದಿಂದ ಒಳಗೆಳೆದು ಹತ್ತು ಹದಿನೈದು ಸೆಕೆಂಡು ಉಸಿರು ಬಿಗಿಹಿಡಿಯಬೇಕು, ಅಷ್ಟೆ. ಈ ಅನಿಲ ಪೊರೆಯಲ್ಲೂ ಕರಗುತ್ತದೆ, ದಾಟಿ ಕೆಂಪು ರಕ್ತಕಣಗಳಲ್ಲೂ ಕರಗುತ್ತದೆ; ಎರಡೂ ಕಡೆ ಬೇರೆ ಬೇರೆ ಕಂಪನಾಂಕದಲ್ಲಿ ಉತ್ತರಿಸುತ್ತದೆ. ಪೊರೆಯ ದನಿ ಏರಿ ರಕ್ತದ ದನಿ ಕ್ಷೀಣಿಸಿದರೆ ದಾಟುವ ದಾರಿ ಕೆಡುತ್ತಿದೆ ಎಂದರ್ಥ.

ಗ್ರೀಕಿನಲ್ಲಿ ಕ್ಸೆನಾನ್ ಎಂದರೆ ಪರದೇಶಿ. ಹೊರನಾಡಿನವರಾದ ನಮಗೆ ಅದರ ಮೇಲೆ ಕೊಂಚ ಪಕ್ಷಪಾತವಿದ್ದರೆ ತಪ್ಪಲ್ಲ. 1898ರಲ್ಲಿ ವಿಲಿಯಂ ರಾಮ್ಸೆಯವರೊಡನೆ ಅದನ್ನು ಕಂಡುಹಿಡಿದ ಮಾರಿಸ್ ಟ್ರಾವರ್ಸ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾದರು.

ಇಂಗ್ಲೆಂಡಿನ ಶೆಫೀಲ್ಡ್‌ನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಮನೆಯ ಕಥೆಯನ್ನೇ ಹೇಳುವಂತಿದೆ. ಕಾರಣ ತಿಳಿಯದ ನಾರುಗಟ್ಟುವಿಕೆಯ ರೋಗಿಗಳಲ್ಲಿ ಹನ್ನೆರಡು ತಿಂಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಪರೀಕ್ಷೆಯ ಅಂಕಿ ಕದಲಿರಲಿಲ್ಲ. ಪೊರೆಗೆ ಹೋಲಿಸಿದರೆ ರಕ್ತಕಣಗಳ ಕ್ಸೆನಾನ್ ಸಂಕೇತ ಮಾತ್ರ ಇಳಿದಿತ್ತು. ಹಾಗೆಂದು ಹಿಗ್ಗುವಂತಿಲ್ಲ. 2022ರ ಡಿಸೆಂಬರ್‌ನಲ್ಲಿ ಅಮೆರಿಕ ಕೊಟ್ಟ ಅನುಮತಿ ಶ್ವಾಸಕೋಶದೊಳಗೆ ಗಾಳಿ ಹೇಗೆ ಹರಡುತ್ತದೆಂದು ನೋಡುವುದಕ್ಕೆ, ನಾರುಗಟ್ಟುವಿಕೆಯ ಜಾಡು ಹಿಡಿಯುವುದಕ್ಕಲ್ಲ. ಅನಿಲವನ್ನು ಅಣಿಗೊಳಿಸುವ ಯಂತ್ರ, ಕ್ಸೆನಾನ್‌ನ ಕಂಪನಾಂಕಕ್ಕೆ ಹೊಂದಿಸಿದ ಪ್ರತ್ಯೇಕ ಸುರುಳಿ, ಎಲ್ಲವೂ ದುಬಾರಿ.

ಇಂಥ ವೈಭವ ನಮಗೇಕೆ, ಊದುವ ಪರೀಕ್ಷೆಯೇ ಎಲ್ಲ ಊರುಗಳಲ್ಲಿ ಸಿಗದಿರುವಾಗ? ಗೆಳೆಯರೊಬ್ಬರು ಹೀಗೆ ಕೇಳಿದರು. ಊದುವ ಪರೀಕ್ಷೆ ಮೊದಲು ಎಲ್ಲೆಡೆ ತಲುಪಲಿ, ಅದರಲ್ಲಿ ತಕರಾರಿಲ್ಲ. ಆದರೆ ಈ ವಿದ್ಯೆ ನಮಗೆ ಬೇಡವೆಂಬುದನ್ನು ಒಪ್ಪಲಾರೆ. 2014ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪಿರ್ಫೆನಿಡೋನ್, ನಿಂಟೆಡಾನಿಬ್ ಔಷಧಗಳು ಕಾಯಿಲೆಯ ವೇಗ ತಗ್ಗಿಸುತ್ತವೆ. ಗಟ್ಟಿಯಾದ ನಾರನ್ನು ಕರಗಿಸಲಾರವು. ಕಳೆದುಕೊಂಡದ್ದು ಮರಳದ ಕಾಯಿಲೆಯಲ್ಲಿ ತಡವಾಗಿ ತಿಳಿಯುವುದೇ ದೊಡ್ಡ ನಷ್ಟ.

ನಮ್ಮಲ್ಲಿ ಇನ್ನೂ ಒಂದು ಕಾರಣವಿದೆ. 19 ಭಾರತೀಯ ನಗರಗಳ 1,084 ರೋಗಿಗಳನ್ನು ಒಳಗೊಂಡ, 2017ರಲ್ಲಿ ಪ್ರಕಟವಾದ ದಾಖಲೆಯಲ್ಲಿ ಸುಮಾರು 47 ಶೇಕಡಾ ಮಂದಿಯದು ಉಸಿರಿನೊಡನೆ ಒಳಸೇರುವ ಬೂಷ್ಟು, ಹಕ್ಕಿಯ ಹಿಕ್ಕೆಯಂಥವುಗಳಿಗೆ ಶ್ವಾಸಕೋಶ ಸಿಡಿಮಿಡಿಗೊಳ್ಳುವ ಬಗೆಯ ಕಾಯಿಲೆ; ಅವರಲ್ಲಿ ಅರ್ಧದಷ್ಟು ಜನ ಏರ್ ಕೂಲರ್ ಬಳಸುವವರು. ಇಂಥವರಿಗೆ ಕಾರಣವನ್ನು ದೂರಮಾಡುವುದೇ ಮೊದಲ ಚಿಕಿತ್ಸೆ. ಮಾಡಿದ್ದು ಫಲಿಸಿತೇ ಎಂದು ಬೇಗ ತಿಳಿದರೆ ಮುಂದಿನ ಹೆಜ್ಜೆ ಬೇಗ ಇಡಬಹುದು. ಕ್ಸೆನಾನ್ ಚಿತ್ರ ಅದನ್ನು ನಿಜಕ್ಕೂ ತಿಳಿಸಬಲ್ಲುದೇ ಎಂಬ ಪರೀಕ್ಷೆಯನ್ನು ನಮ್ಮ ರೋಗಿಗಳ ಮೇಲೆ ನಮ್ಮ ಸಂಸ್ಥೆಗಳೇ ನಡೆಸಬೇಕು. ಕಾರಣ ತಿಳಿಯದ ಕಾಯಿಲೆಯ ಮೇಲೆ ಹೊರದೇಶದಲ್ಲಿ ನಡೆದ ಅಧ್ಯಯನ ನಮ್ಮ ಕೂಲರಿನ ಪ್ರಶ್ನೆಗೆ ಉತ್ತರ ಕೊಡಲಾರದು.

ವೈದ್ಯರ ಸಲಹೆಯಂತೆ ನಾವೂ ಏಪ್ರಿಲ್‌ನಲ್ಲಿ ಕೂಲರನ್ನು ಕಿಟಕಿಯಿಂದ ಇಳಿಸಿದೆವು. ಅದರ ಹುಲ್ಲಿನ ಪದರದ ಹಿಂದೆ ಕಪ್ಪು ಬೂಷ್ಟು ಕಟ್ಟಿತ್ತು. ಮುಂದಿನ ತಪಾಸಣೆ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ತಂದೆಯವರು ಮೆಟ್ಟಿಲಲ್ಲಿ ಎಷ್ಟು ಸಲ ನಿಂತರೆಂದು ನಾನೇ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ.