ನೀರು ತಿರುವುವ ಕೆಲಸ

ನವಲಗುಂದದ ಎರೆಹೊಲಗಳಿಗೆ ಮಲಪ್ರಭೆಯ ಕಾಲುವೆಯಿಂದ ನೀರು ಬಿಟ್ಟ ದಿನಗಳಲ್ಲಿ ಒಬ್ಬಾತ ಸಲಿಕೆ ಹಿಡಿದು ರಾತ್ರಿಯೆಲ್ಲ ಹೊಲದಲ್ಲಿಯೇ ಇರುತ್ತಾನೆ. ಒಂದು ಮಡಿ ತುಂಬಿತೆನ್ನುವಾಗ ಅದರ ಬಾಯಿ ಕಟ್ಟಿ ಮುಂದಿನ ಮಡಿಗೆ ನೀರು ತಿರುವುವುದು ಅವನ ಕೆಲಸ. ಗಳಿಗೆ ಮೊದಲು ತಿರುವಿದರೆ ಬೇರು ನೆನೆಯುವುದಿಲ್ಲ; ಗಳಿಗೆ ತಡವಾದರೆ ಒಡ್ಡು ಒಡೆಯುತ್ತದೆ. ಸುಗ್ಗಿಯಲ್ಲಿ ರಾಶಿಯ ಮುಂದೆ ನಿಂತವರು ಕಾಳನ್ನು ಅಂಗೈಯಲ್ಲಿ ಹಿಡಿದು ಮೆಚ್ಚುವರೇ ಹೊರತು ಆ ರಾತ್ರಿಗಳನ್ನು ನೆನೆಯುವುದು ಅಪರೂಪ.

ಕಾಲ್ಚೆಂಡಿನ ಆಟದಲ್ಲಿಯೂ ಇಂಥ ಕೆಲಸದವನೊಬ್ಬನಿದ್ದಾನೆ. ಕುಸ್ತಿ, ಕಬಡ್ಡಿ, ಖೋಖೋಗಳೇ ಹೆಚ್ಚು ಬಳಕೆಯಲ್ಲಿರುವ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಈ ಆಟದ ಒಳಗುಟ್ಟು ಎಲ್ಲರಿಗೂ ಪರಿಚಿತವಲ್ಲ. ಹನ್ನೊಂದು ಮಂದಿಯ ತಂಡದಲ್ಲಿ ಗೋಲನ್ನು ಕಾಯುವವರು ಹಿಂದೆ, ಗೋಲು ಹೊಡೆಯುವವರು ಮುಂದೆ. ಇವರಿಬ್ಬರ ನಡುವೆ ನಿಂತು, ಎದುರಾಳಿಯಿಂದ ಚೆಂಡನ್ನು ಕಸಿದು, ಅದನ್ನು ಯಾವ ದಿಕ್ಕಿಗೆ, ಯಾವ ಕ್ಷಣದಲ್ಲಿ ಕಳುಹಿಸಬೇಕೆಂದು ನಿರ್ಧರಿಸುವವನೇ ನಡುಮೈದಾನದ ಆಟಗಾರ. ಮರುದಿನದ ಪತ್ರಿಕೆಯಲ್ಲಿ ಗೋಲು ಹೊಡೆದವನ ಹೆಸರು ಅಚ್ಚಾಗುತ್ತದೆ. ಚೆಂಡನ್ನು ಅವನ ಕಾಲಿಗೆ ತಲುಪಿಸಿದವನ ಹೆಸರು ಅನೇಕ ಸಲ ಅಚ್ಚಾಗುವುದೇ ಇಲ್ಲ. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಅವರು ಬಾಳಿನುದ್ದಕ್ಕೂ ಮಾಡಿದ್ದು ಈ ಕೆಲಸವನ್ನೇ.

ಬೆಂಗಳೂರಿಗೆ ಕಾಲ್ಚೆಂಡಾಟ ಹೊಸದಲ್ಲ. 1948 ಮತ್ತು 1952ರ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತಕ್ಕಾಗಿ ಆಡಿದ ಅಹಮದ್ ಖಾನ್ ಈ ಊರಿನವರು. ಮೈಸೂರು ತಂಡವು ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದುದುಂಟು. ದಂಡುಪ್ರದೇಶದ ಸುತ್ತಲಿನ ಆಸ್ಟಿನ್ ಟೌನ್, ಗೌತಮಪುರಗಳಂತಹ ಬಡಾವಣೆಗಳ ಇಕ್ಕಟ್ಟಾದ ಬಯಲುಗಳಿಂದ ಎಷ್ಟೋ ಮಂದಿ ಆಟಗಾರರು ಮೇಲೆ ಬಂದರು. 1971ರಲ್ಲಿ ಜನಿಸಿದ ಚಾಪ್‌ಮನ್ ಈ ಪರಂಪರೆಯ ಕುಡಿ. ಅವರ ಆಟಕ್ಕೆ ಶಿಸ್ತಿನ ರೂಪು ದೊರೆತದ್ದು ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ. ಅಲ್ಲಿಂದ 1993ರಲ್ಲಿ ಅವರು ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು.

ವಿಧಿಯ ವಿನೋದ ನೋಡಿ: ಇತರರಿಗೆ ಗೋಲಿನ ದಾರಿ ತೆರೆಯುವುದೇ ಕಾಯಕವಾಗಿದ್ದ ಈ ಆಟಗಾರನನ್ನು ಜನ ಮೊದಲು ಗುರುತಿಸಿದ್ದು ಅವರೇ ಹೊಡೆದ ಗೋಲುಗಳಿಂದ. ಅದೇ 1993ರಲ್ಲಿ, ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯಾವಳಿಯಲ್ಲಿ, ಇರಾಕಿನ ಅಲ್ ಜವ್ರಾ ತಂಡವು ಕಲಕತ್ತೆಗೆ ಬಂದಿತ್ತು. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಆರರಲ್ಲಿ ಮೂರು ಗೋಲುಗಳು ಚಾಪ್‌ಮನ್ ಅವರವು. ಇಂದಿಗೂ ಅವರ ಹೆಸರೆತ್ತಿದರೆ ಆ ಪಂದ್ಯವನ್ನೇ ಮೊದಲು ಹೇಳುತ್ತಾರೆ. ನೂರಾರು ಪಂದ್ಯಗಳಲ್ಲಿ ಅವರು ಕೊಟ್ಟ ಚೆಂಡುಗಳ ಲೆಕ್ಕವನ್ನು ಇಟ್ಟವರಾರು?

1995ರಲ್ಲಿ ಅವರು ಪಂಜಾಬಿನ ಫಗ್ವಾಡಾದ ಜೆ.ಸಿ.ಟಿ. ತಂಡಕ್ಕೆ ಹೋದರು. ಆ ತಂಡದಲ್ಲಿ ಮುಂದೆ ನಿಂತವರು ಐ. ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ. ಇಬ್ಬರೂ ದೇಶದ ಮನೆಮಾತಾದ ಗೋಲುಗಾರರು. ಅವರ ಹಿಂದೆ ನಡುಮೈದಾನದಲ್ಲಿ ಚಾಪ್‌ಮನ್. ದೇಶದಲ್ಲಿ ಮೊಟ್ಟಮೊದಲು ನಡೆದ ರಾಷ್ಟ್ರೀಯ ಲೀಗನ್ನು 1996-97ರಲ್ಲಿ ಗೆದ್ದದ್ದು ಇದೇ ತಂಡ. 1997ರಲ್ಲಿ ಕಾಠ್ಮಂಡುವಿನಲ್ಲಿ ನಡೆದ ದಕ್ಷಿಣ ಏಷ್ಯಾ ಪಂದ್ಯಾವಳಿಯಲ್ಲಿ ಭಾರತವು ಅಂತಿಮ ಪಂದ್ಯದಲ್ಲಿ ಮಾಲ್ಡೀವ್ಸನ್ನು 5-1ರಿಂದ ಸೋಲಿಸಿದಾಗ ನಾಯಕತ್ವ ಚಾಪ್‌ಮನ್ ಅವರದು. ಮುಂದೆ ಕೆಲಕಾಲ ಕೊಚ್ಚಿಯಲ್ಲಿ ಆಡಿ, 1998ರಲ್ಲಿ ಈಸ್ಟ್ ಬೆಂಗಾಲಿಗೆ ಮರಳಿ, 2001ರಲ್ಲಿ ಆ ತಂಡದ ನಾಯಕರಾಗಿ ರಾಷ್ಟ್ರೀಯ ಲೀಗನ್ನು ಗೆದ್ದರು. ಅದೇ ವರ್ಷ, ಮೂವತ್ತರ ವಯಸ್ಸಿಗೇ, ಆಟಕ್ಕೆ ವಿದಾಯ ಹೇಳಿದರು.

ಮೂವತ್ತು ವರ್ಷವೆಂದರೆ ಇತರ ಉದ್ಯೋಗಗಳಲ್ಲಿ ಕೆಲಸ ಕೈಗೆ ಹತ್ತುವ ಕಾಲ. ಆಟಗಾರನಿಗೆ ಅದು ಸಂಜೆ. ಬೆಂಗಳೂರಿನ ಹಿಂದಿನ ತಲೆಮಾರಿನ ಅನೇಕ ಆಟಗಾರರಿಗೆ ಐ.ಟಿ.ಐ., ಎಚ್.ಎ.ಎಲ್. ಮುಂತಾದ ಕಾರ್ಖಾನೆಗಳ ನೌಕರಿಯ ಆಸರೆಯಿತ್ತು. ಮೈದಾನ ಬಿಟ್ಟ ಮೇಲೆ ಕಚೇರಿಯ ಕುರ್ಚಿಯಾದರೂ ಉಳಿಯುತ್ತಿತ್ತು. ಚಾಪ್‌ಮನ್ ಅವರ ಕಾಲಕ್ಕೆ ಆಟವೇ ವೃತ್ತಿಯಾಯಿತು. ಹಣ ಹೆಚ್ಚಿತು ನಿಜ. ಆದರೆ ಕರಾರು ಮುಗಿದೊಡನೆ ಆಸರೆಯೂ ಮುಗಿಯಿತು.

ಚಾಪ್‌ಮನ್ ತರಬೇತುದಾರರಾದರು. 2002ರಲ್ಲಿ, ತಾವು ಕಲಿತ ಟಾಟಾ ಅಕಾಡೆಮಿಗೇ ಕಲಿಸುವವರಾಗಿ ಹಿಂದಿರುಗಿದರು. ಬಳಿಕ ದೂರದ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೊ ಎಂಬ ಪುಟ್ಟ ತಂಡದ ಹೊಣೆ ಹೊತ್ತರು. ಕಡೆಯ ವರ್ಷಗಳಲ್ಲಿ ಕೋಳಿಕೋಡಿನ ಕ್ವಾರ್ಟ್ಸ್ ತಂಡದೊಡನೆ ದುಡಿದರು. ರಾಷ್ಟ್ರ ತಂಡದ ಹಳೆಯ ನಾಯಕನಿಗೆ ದೇಶದ ದೊಡ್ಡ ತಂಡಗಳ ಪ್ರಧಾನ ತರಬೇತುದಾರನ ಪೀಠ ಲಭಿಸಲಿಲ್ಲ. ಆದರೂ ಅವರು ಮೈದಾನವನ್ನು ಬಿಡಲಿಲ್ಲ. ರಾಯಲ್ ವಾಹಿಂಗ್ಡೊ ತಂಡವು 2014-15ರ ಐ-ಲೀಗಿನಲ್ಲಿ ಮೂರನೆಯ ಸ್ಥಾನ ಪಡೆದು ಎಲ್ಲರನ್ನೂ ಬೆರಗುಗೊಳಿಸಿದಾಗ ಅಲ್ಲಿ ಬೇರೊಬ್ಬ ತರಬೇತುದಾರರಿದ್ದರು. ಬೆಳೆ ಬಂದಾಗ ನೀರು ಹಾಯಿಸಿದವನು ರಾಶಿಯ ಬಳಿ ಇರಲೇಬೇಕೆಂಬ ನಿಯಮವೇನೂ ಇಲ್ಲ.

2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ಚಾಪ್‌ಮನ್ ತೀರಿಕೊಂಡರು. ಅವರಿಗೆ ಆಗ ಕೇವಲ ನಲವತ್ತೊಂಬತ್ತು ವರ್ಷ.

ಅವರು ದುಡಿದ ಠಾವುಗಳನ್ನು ಇಂದು ಹಿಂದಿರುಗಿ ನೋಡಿದರೆ ಮನಸ್ಸು ಮ್ಲಾನವಾಗುತ್ತದೆ. ಅವರು ಎರಡು ಸಲ ಗೆದ್ದ ರಾಷ್ಟ್ರೀಯ ಲೀಗ್ 2007ರಲ್ಲಿ ಕೊನೆಗೊಂಡು ಅದರ ಜಾಗಕ್ಕೆ ಬೇರೊಂದು ಬಂದಿತು. ಜೆ.ಸಿ.ಟಿ. ತನ್ನ ತಂಡವನ್ನು 2011ರಲ್ಲಿ ವಿಸರ್ಜಿಸಿತು. ಕೊಚ್ಚಿಯ ತಂಡವು ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ರಾಯಲ್ ವಾಹಿಂಗ್ಡೊ ಕೂಡ ಆ ಮೂರನೆಯ ಸ್ಥಾನ ಪಡೆದೊಡನೆಯೇ ಐ-ಲೀಗಿನಿಂದ ಹಿಂದೆ ಸರಿಯಿತು. ಕಪ್ಪುಗಳು ಎಲ್ಲಿಯೋ ಧೂಳು ತಿನ್ನುತ್ತಿರಬಹುದು. ಹಾಗಾದರೆ ಇಷ್ಟು ದುಡಿಮೆಯಿಂದ ಉಳಿದದ್ದೇನು? ಉಳಿದದ್ದು ಒಂದೇ: ಜಮ್‌ಷೆಡ್‌ಪುರದಲ್ಲಿ, ಶಿಲ್ಲಾಂಗಿನಲ್ಲಿ, ಕೋಳಿಕೋಡಿನಲ್ಲಿ ಅವರಿಂದ ಕಲಿತ ಹುಡುಗರು. ತಂಡ ಮುಚ್ಚಬಹುದು, ಕಾಲಿಗೆ ಹತ್ತಿದ ವಿದ್ಯೆಯನ್ನು ಯಾರೂ ಮುಚ್ಚಲಾರರು.

ಕುಂದಗೋಳದಲ್ಲಾಗಲಿ ಕಲಘಟಗಿಯಲ್ಲಾಗಲಿ, ಶಾಲೆ ಬಿಟ್ಟ ಮೇಲೆ ಹುಡುಗರು ಚೆಂಡೊಂದನ್ನು ಬಯಲಿಗೆ ತಂದರೆ ಎಲ್ಲರೂ ಚೆಂಡಿನ ಹಿಂದೆಯೇ ಓಡುತ್ತಾರೆ. ಎಲ್ಲರಿಗೂ ತಾನೇ ಗೋಲು ಹೊಡೆಯಬೇಕೆಂಬ ಹಟ. ಆ ಗುಂಪಿನಲ್ಲಿ ಎಂದಾದರೊಮ್ಮೆ ಒಬ್ಬ ಹುಡುಗ ತಲೆಯೆತ್ತಿ ನೋಡಿ, ದೂರದಲ್ಲಿ ಒಂಟಿಯಾಗಿ ನಿಂತ ಗೆಳೆಯನಿಗೆ ಚೆಂಡನ್ನು ದಾಟಿಸುತ್ತಾನೆ. ಮಗ ಮನೆಗೆ ಮರಳಿದಾಗ, 'ಇವತ್ತು ಎಷ್ಟು ಗೋಲು ಹೊಡೆದೆಯೋ?' ಎಂದು ಕೇಳುವ ತಂದೆ-ತಾಯಿಗಳು ಒಂದು ದಿನವಾದರೂ 'ಚೆಂಡನ್ನು ಯಾರಿಗೆ ಕೊಟ್ಟೆ?' ಎಂದು ಕೇಳಲಿ. ಚಾಪ್‌ಮನ್ ಅವರ ಬಾಳನ್ನು ನೆನೆಯಲು ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿರಲಾರದು.