ಕಮಿಷನ್ನಿಗೆ ಯಾವ ಸೆಕ್ಷನ್ ಸ್ವಾಮೀ?

ಸರ್ಕಾರಿ ಆಸ್ಪತ್ರೆಯ ವಾರ್ಡ್‌ಬಾಯ್ ಸ್ಟ್ರೆಚರ್ ತಳ್ಳೋಕೆ ಇನ್ನೂರು ರೂಪಾಯಿ ಕೇಳಿದರೆ ಅದು ಲಂಚ. ಅದಕ್ಕೆ 1988ರ ಭ್ರಷ್ಟಾಚಾರ ತಡೆ ಕಾಯ್ದೆ ಇದೆ, ಜೈಲಿದೆ. ಅದೇ ಖಾಸಗಿ ಡಾಕ್ಟರು ನಿಮ್ಮನ್ನು ಸ್ಕ್ಯಾನಿಂಗಿಗೆ ಕಳಿಸಿ, ನೀವು ಕಟ್ಟಿದ ಬಿಲ್ಲಿನಲ್ಲೇ ಪಾಲು ತಗೊಂಡರೆ? ಅದಕ್ಕೆ ನಮ್ಮ ಮುಂಬಯಿಯಲ್ಲಿ 'ಕಟ್' ಅಂತ ಮುದ್ದಿನ ಹೆಸರು ಅಷ್ಟೇ!

ಅಮೆರಿಕದ ಒಂದು ಕೇಸು ನೋಡಿ. ಅಲ್ಲಿ ಸರ್ಕಾರದ ದುಡ್ಡಿನ ಚಿಕಿತ್ಸೆಯಲ್ಲಿ ಹೀಗೆ ಕಮಿಷನ್ ಕೊಡುವುದೂ ತಗೊಳ್ಳುವುದೂ ಕ್ರಿಮಿನಲ್ ಅಪರಾಧ. ಗ್ರೀಬರ್ ಎಂಬ ಹೃದಯ ವೈದ್ಯರ ಕಂಪನಿ ರೋಗಿಗಳಿಗೆ ಹೋಲ್ಟರ್ ಮಾನಿಟರ್ ಹಾಕುತ್ತಿತ್ತು. ರೋಗಿಯನ್ನು ಕಳಿಸಿದ ಡಾಕ್ಟರಿಗೆ ಮೆಡಿಕೇರ್ ಹಣದಲ್ಲಿ ಶೇ. 40, ರೋಗಿಯೊಬ್ಬರಿಗೆ ಹೆಚ್ಚೆಂದರೆ 65 ಡಾಲರ್. ಹೆಸರು ಮಾತ್ರ 'ವರದಿ ಓದಿದ ಫೀಸು'! ಶಿಕ್ಷೆಯಾಯಿತು, ಗ್ರೀಬರ್ ಮೇಲ್ಮನವಿ ಹೋದರು. 1985ರಲ್ಲಿ ಮೇಲ್ಮನವಿ ಕೋರ್ಟು ಶಿಕ್ಷೆ ಎತ್ತಿಹಿಡಿಯಿತು. ಕೆಲಸಕ್ಕೆ ಕೊಟ್ಟ ಫೀಸೇ ಇರಲಿ, ರೋಗಿಗಳನ್ನು ಸೆಳೆಯುವುದು ಅದರ ಒಂದು ಉದ್ದೇಶವಾಗಿದ್ದರೂ ಸಾಕು, ಅಪರಾಧ ಅಂತು. ಆಮೇಲೆ ಅಲ್ಲಿನ ಎಷ್ಟೋ ಕೋರ್ಟುಗಳು ಇದನ್ನೇ ಅನುಸರಿಸಿದವು.

ಮೇಲ್ಮನವಿಯ ಬೆಲೆ ಇದೇ. ಒಬ್ಬರ ನೆಪ ಒಡೆದರೆ ಸಾವಿರ ಜನರ ನೆಪ ಒಡೆದಂತೆ. ನಮ್ಮಲ್ಲಿ? ಮೇಲ್ಮನವಿಗೆ ಮೊದಲು ಶಿಕ್ಷೆ ಬೇಕು, ಶಿಕ್ಷೆಗೆ ಕಾಯ್ದೆ ಬೇಕು. ಇರುವುದು ಮೆಡಿಕಲ್ ಕೌನ್ಸಿಲ್ಲಿನ 2002ರ ನಿಯಮ. ಕಮಿಷನ್ ತಗೊಳ್ಳುವುದು ಅದರ ಪ್ರಕಾರ ದುರ್ನಡತೆ. ವಿಚಾರಿಸುವವರೂ ಡಾಕ್ಟರುಗಳೇ! ಔಷಧ ಕಂಪನಿಗಳು ಡಾಕ್ಟರುಗಳಿಗೆ ಕೊಡುವ ಟಿವಿ, ಫ್ರಿಜ್, ಚಿನ್ನದ ನಾಣ್ಯದ ವಿಷಯ 2022ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ನಿಜ. ಆದರೆ ಆದಾಯ ತೆರಿಗೆ ಕೇಸಾಗಿ. ಆ ಖರ್ಚಿಗೆ ತೆರಿಗೆ ವಿನಾಯಿತಿ ಇಲ್ಲ ಅಂತ ತೀರ್ಪು ಬಂತು. ಒಳ್ಳೆಯದೇ, ಆದರೆ ಜೈಲಿನ ಪ್ರಶ್ನೆಯೇ ಏಳಲಿಲ್ಲ.

2017ರಲ್ಲಿ ಮುಂಬಯಿಯ ಆಸ್ಪತ್ರೆಯೊಂದು 'ಡಾಕ್ಟರರಿಗೆ ಕಮಿಷನ್ ಇಲ್ಲ' ಅಂತ ಹೋರ್ಡಿಂಗ್ ಹಾಕಿತು. ವೈದ್ಯರ ಸಂಘಕ್ಕೆ ಸಿಟ್ಟು ಬಂತು! ಅದೇ ವರ್ಷ ಮಹಾರಾಷ್ಟ್ರ ಸರ್ಕಾರ ಮಾಜಿ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ದೀಕ್ಷಿತರ ಸಮಿತಿ ಮಾಡಿ ಕಟ್ ತಡೆ ಮಸೂದೆಯ ಕರಡು ಬರೆಸಿತು. ಕರಡು ಕರಡಾಗೇ ಉಳಿಯಿತು.

'ಪ್ರಾಮಾಣಿಕ ಡಾಕ್ಟರುಗಳಿಗೆ ಕಿರುಕುಳ ಆಗುತ್ತೆ' ಅಂತಾರೆ. ನಾನಂತೂ ಒಪ್ಪಲ್ಲ. ಈಗ ಕಿರುಕುಳ ಪಡುತ್ತಿರುವವರು ಅವರೇ. ಕಟ್ ಕೊಡಲ್ಲ ಅಂದ ತಜ್ಞರ ಹತ್ತಿರ ರೋಗಿಗಳನ್ನು ಯಾರು ಕಳಿಸ್ತಾರೆ ಹೇಳಿ? ಇನ್ನು ಸುಳ್ಳು ಕೇಸು ಬಿದ್ದರೆ ಬಿಡಿಸೋಕೆ ಅಂತಲೇ ಮೇಲ್ಮನವಿ ಇರೋದು.

2018ರಿಂದ ಆಯುಷ್ಮಾನ್ ಭಾರತದಲ್ಲಿ ಖಾಸಗಿ ಆಸ್ಪತ್ರೆಗಳಿಗೂ ನಮ್ಮ ತೆರಿಗೆ ದುಡ್ಡು ಹೋಗುತ್ತಿದೆ. ಕನಿಷ್ಠ ಅಲ್ಲಿ ಕಮಿಷನ್ ತಗೊಂಡರೆ, ಕೊಟ್ಟರೆ ಜೈಲು ಅಂತ ಒಂದು ಕಾಯ್ದೆ ಬರಲಿ. ವಾರ್ಡ್‌ಬಾಯ್ ನಿಲ್ಲುವ ಕಟಕಟೆಯಲ್ಲಿ ದೊಡ್ಡವರೂ ಒಮ್ಮೆ ನಿಲ್ಲಲಿ.

ಏನಂತೀರಿ?